ಅಳಿಯನಿಗೆ: ಮದ್ದು ಶುರು ಮಾಡು, ಕೋವಿ ಠಾಣೆಯಲ್ಲಿಡು

ಉಡುಪಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಮಣಿಪಾಲದಲ್ಲಿ ಖಿನ್ನತೆಗೆಂದು ಬರೆದುಕೊಟ್ಟ ಮದ್ದನ್ನು ನೀನಿನ್ನೂ ಶುರು ಮಾಡಿಲ್ಲ ಎಂದು ನಿನ್ನ ಅಮ್ಮ ಹೇಳಿದಳು. ವಿಷಯ ಹೊರಗೆ ಬಿದ್ದರೆ ಕೋವಿಯ ಲೈಸೆನ್ಸ್ ಹೋದೀತು ಎಂಬ ಹೆದರಿಕೆಯಂತೆ. ರೋಗಿಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಡಾಕ್ಟರ ಕರ್ತವ್ಯ. ಜೀವಾಪಾಯದಂಥ ಕೆಲವು ಸಂದರ್ಭ ಮಾತ್ರ ಬೇರೆ. ನವೀಕರಣಕ್ಕೆ ಆರೋಗ್ಯದ ಸರ್ಟಿಫಿಕೇಟ್ ಕೇಳಿದರೆ ಇದ್ದದ್ದನ್ನೇ ಹೇಳು. ಲೈಸೆನ್ಸ್ ಹೋದರೂ ಹೋಗಲಿ, ತೋಟಕ್ಕೆ ನುಗ್ಗುವ ಮಂಗ ಹಂದಿಗೆ ಬೇರೆ ದಾರಿ ನೋಡೋಣ.

ಎಸ್ಸಿಟಾಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆ ಹಿಡಿಯಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಹೆಚ್ಚು. ಮೊದಲ ವಾರ ಓಕರಿಕೆ, ತಳಮಳ, ನಿದ್ದೆಗೇಡು ಬರಬಹುದು. ಎಷ್ಟೋ ಜನ ಮಾತ್ರೆ ಬಿಡುವುದು ಆಗಲೇ. ಮನಸ್ಸು ಹಗುರಾಗುವ ಮೊದಲೇ ಮೈಗೆ ಕಸುವು ಬರುವುದೂ ಉಂಟು. ನಿನ್ನ ಹಾಗೆ 25 ದಾಟದವರಿಗೆ ಆ ದಿನಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಹಾಗೇನಾದರೂ ಅನಿಸಿದರೆ ಅದೇ ದಿನ ಡಾಕ್ಟರಿಗೆ ಹೇಳು. ನಡುರಾತ್ರಿಯಾದರೂ ನನ್ನನ್ನು ಎಬ್ಬಿಸು, ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಬೇಡ. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮಾತ್ರೆ ಬೇಕು, ಆಮೇಲೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಈ ಅವಧಿಗೆ ಕೋವಿ ಮನೆಯಲ್ಲಿ ಬೇಡ. ಸಾಯುವ ಯೋಚನೆ ಒಮ್ಮೆಲೇ ಜೋರಾಗಿ ಬಂದು ಎಷ್ಟೋ ಸಲ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಆ ಹೊತ್ತಿಗೆ ಕೈಗೆಟುಕುವುದು ಏನೂ ಇರಬಾರದು. ಬೀಗ ಹಾಕಿ ಕೀಲಿ ನೀನೇ ಇಟ್ಟುಕೊಂಡರೆ ಪ್ರಯೋಜನವಿಲ್ಲ. ತೋಟದ ವಿಷದ ಡಬ್ಬಿಗಳ ಕೀಲಿಯೂ ಅಮ್ಮನ ಹತ್ತಿರ ಇರಲಿ.

ಚುನಾವಣೆ ಬಂದಾಗ ಠಾಣೆಯಲ್ಲಿ ಇಡುತ್ತೇವಲ್ಲ, ಹಾಗೆಯೇ ಈಗಲೂ ಒಂದು ಅರ್ಜಿ ಬರೆದು ಠೇವಣಿ ಇಡು. ಠಾಣೆಯಲ್ಲಿ ಆಗದಿದ್ದರೆ ಲೈಸೆನ್ಸ್ ಇರುವ ಕೋವಿ ಅಂಗಡಿ ಉಂಟು. ಭಾವನಿಗೋ ನೆರೆಮನೆಗೋ ಕೊಟ್ಟುಬಿಡಬೇಡ. ಲೈಸೆನ್ಸ್ ಇಲ್ಲದವರು ಇಟ್ಟುಕೊಂಡರೆ 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಕಾಡತೂಸನ್ನೂ ಒಟ್ಟಿಗೇ ಒಪ್ಪಿಸು. ರಸೀದಿಯಲ್ಲಿ ಕೋವಿಯ ನಂಬರ್, ಕಾಡತೂಸಿನ ಲೆಕ್ಕ, ತಾರೀಕು, ಮೊಹರು ಇದೆಯಾ ನೋಡು. ಠೇವಣಿಯಲ್ಲಿದ್ದರೂ ಲೈಸೆನ್ಸಿನ ಅವಧಿ ಓಡುತ್ತಲೇ ಇರುತ್ತದೆ, ನವೀಕರಣದ ತಾರೀಕು ಬರೆದಿಡು. ಮಳೆಗಾಲದ ತುಕ್ಕಿಗೆ ಹೆದರಿ ಮನೆಯಲ್ಲಿ ಒರೆಸುತ್ತ ಕೂರಬೇಡ.

ವಾಪಸ್ ತರುವ ಮಾತು ಡಾಕ್ಟರನ್ನು ಕೇಳಿದ ಮೇಲೆ. ಕೋವಿ ಒಪ್ಪಿಸಲು ನೀನೊಬ್ಬನೇ ಠಾಣೆಗೆ ಹೊರಡಬೇಡ. ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡು, ಅಂದೇ ಬರುತ್ತೇನೆ. ಲೈಸೆನ್ಸ್ ಪುಸ್ತಕ ಅಮ್ಮನ ಕೈಯಲ್ಲಿ ಕೊಟ್ಟಿರು.

ನಿನ್ನ ಸೋದರಮಾವ