ಹಳೆ ಟೆನರ್‌ನ ನಾದ ಹಿತ್ತಾಳೆಯ ವಯಸ್ಸಿನಲ್ಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಗಡಿನಾಡಿನ ಸ್ಯಾಕ್ಸೋಫೋನ್ ತಂಡಗಳ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಬರಹ ಚೆನ್ನಾಗಿತ್ತು. ಆದರೆ ಅಮೆರಿಕದ ಹಳೆಯ ಟೆನರ್ (ದೊಡ್ಡ ಗಾತ್ರದ, ತಗ್ಗು ದನಿಯ) ಸ್ಯಾಕ್ಸೋಫೋನುಗಳ ಬಗ್ಗೆ ಅದರಲ್ಲಿದ್ದ ನಾಲ್ಕು ಸಾಲುಗಳನ್ನು ತಿದ್ದಬೇಕಾಗಿದೆ. ವರ್ಷ ಕಳೆದಂತೆ ಹಿತ್ತಾಳೆ ಹದಗೊಂಡು ನಾದ ಇಂಪಾಗುತ್ತದೆ, ಅದಕ್ಕೇ ಅವುಗಳಿಗೆ ಬೇಡಿಕೆ ಎಂದು ಅಲ್ಲಿದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ವಾದ್ಯದವರ ಬಾಯಲ್ಲೂ ಈ ಮಾತು ಓಡಾಡುತ್ತಿದೆ. ತುಳುನಾಡಿನ ಉತ್ಸವಗಳ ಹಂಗಾಮು ಮುಗಿಯುವ ಪತ್ತನಾಜೆ ಕಳೆದು ಮಳೆಗಾಲದ ಬಿಡುವು ಬಂದಾಗ ಹಳೆ ವಾದ್ಯ ತರಿಸಿಕೊಳ್ಳುವವರೂ ಇದ್ದಾರೆ, ಕೈಯಲ್ಲಿದ್ದುದನ್ನು ಹೊಸತರಂತೆ ಮಾಡಿಸುವವರೂ ಇದ್ದಾರೆ. ಈ ನಂಬಿಕೆಯಿಂದ ಅವರ ದುಡ್ಡು ಹೋಗುವುದಲ್ಲದೆ ಒಳ್ಳೆಯ ವಾದ್ಯಗಳೂ ಕೆಡುತ್ತಿವೆ.

ಸ್ಯಾಕ್ಸೋಫೋನಿನೊಳಗೆ ನುಡಿಯುವುದು ಗಾಳಿಯ ಕಂಬ. ಅದಕ್ಕೆ ಆಕಾರ ಕೊಡುವುದಷ್ಟೇ ಲೋಹದ ಕೆಲಸ. ನೆಕ್‌ನ (ಮೇಲಿನ ಬಾಗು ಕೊಳವೆಯ) ತುದಿಯಿಂದ ಗಂಟೆಯ (ಕೆಳಗಿನ ಅಗಲ ಭಾಗದ) ಬಾಯಿಯವರೆಗೆ ಶಂಕುವಿನಾಕಾರದ ಆ ಕೊಳವೆ ಎಷ್ಟು ಬೇಗ ಅಗಲವಾಗುತ್ತದೆ, ರಂಧ್ರಗಳು ಎಲ್ಲಿವೆ, ಎಷ್ಟು ದೊಡ್ಡವು, ರಂಧ್ರ ಮುಚ್ಚುವ ಚರ್ಮದ ಪ್ಯಾಡು ಅದರ ಮೇಲೆ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದರಿಂದಲೇ ಧ್ವನಿಯ ಬಣ್ಣ ಬರುತ್ತದೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯಕ್ಕೆ 1920ರ ದಶಕದ ಅಮೆರಿಕದಲ್ಲಿ ಹುಚ್ಚು ಬೇಡಿಕೆ ಬಂತು. ಕಾನ್, ಬ್ಯೂಶರ್, ಮಾರ್ಟಿನ್ ಈ ಮೂರು ಕಂಪನಿಗಳೂ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಒಂದೇ ಊರಿನವು. ಕಿಂಗ್ ಹೆಸರಿನ ವಾದ್ಯ ಓಹಾಯೊದ ಕ್ಲೀವ್‌ಲ್ಯಾಂಡಿನದು. ಒಬ್ಬೊಬ್ಬರ ಶಂಕುವಿನ ಲೆಕ್ಕಾಚಾರ ಒಂದೊಂದು ಬಗೆ. ಮುಂದೆ ಫ್ರಾನ್ಸಿನ ಸೆಲ್ಮರ್ 1936ರ ಮಾದರಿಯಾದ ಬ್ಯಾಲೆನ್ಸ್ಡ್ ಆ್ಯಕ್ಷನ್‌ನಲ್ಲಿ ಗಂಟೆಯ ಕೀಗಳನ್ನು ಬಲಕ್ಕೆ ತಂದು ಬೆರಳಿಗೆ ಸಲೀಸು ಮಾಡಿತು. 1954ರಲ್ಲಿ ಅದರ ಮಾರ್ಕ್ ಸಿಕ್ಸ್ ಮಾದರಿ ಬಂತು. ಇಂದು ತೈವಾನ್, ಚೀನಾಗಳಿಂದ ಬರುವ ಹೊಸ ವಾದ್ಯಗಳು ಬಹುಪಾಲು ಆ ಫ್ರೆಂಚ್ ಅಚ್ಚಿನವೇ. ಅಮೆರಿಕದ ಹಳೆಯವು ಬೇರೆಯಾಗಿ ಕೇಳಿಸುವುದಕ್ಕೆ ಕಾರಣ ಇಷ್ಟೇ: ಅವುಗಳ ಅಚ್ಚು ಬೇರೆ. 1935ರಲ್ಲಿ ಹೊಸದಾಗಿ ಕೊಂಡವನಿಗೂ ಕಾನ್ ಟೆನರ್ ಹೀಗೇ ಕೇಳಿಸಿರಬೇಕು.

ಕಿವಿಗೆ ಹತ್ತುವ ವ್ಯತ್ಯಾಸ ಹೇಳುವುದಾದರೆ, ಕಾನ್‌ನ 10ಎಂ ಮಾದರಿಯದು ಹರಡಿಕೊಂಡ, ಕಡು ಬಣ್ಣದ ನಾದ. ಮಂದ್ರದಲ್ಲಿ ಎದೆ ತುಂಬುತ್ತದೆ. ಬ್ಯೂಶರ್ ಅರಿಸ್ಟೊಕ್ರಾಟ್ ದುಂಡಗೆ, ಒಂದೆಡೆ ಕೂಡಿಕೊಂಡು ಬರುತ್ತದೆ. ಮಾರ್ಟಿನ್ ಕಮಿಟಿ ದಪ್ಪ, ಅಂಚು ತುಸು ಒರಟು. ಕಿಂಗ್‌ನ ಝೆಫರ್ ಮತ್ತು ಸೂಪರ್ 20 ಉಜ್ವಲ, ಮುಂದಕ್ಕೆ ನುಗ್ಗುವ ಜಾತಿ. ಹೀಗಿದ್ದರೂ ಇವೆಲ್ಲ ನುಡಿಸುವವನ ನಂತರದ ಮಾತು. ಜಾಝ್ ವಾದಕರಾದ ಲೆಸ್ಟರ್ ಯಂಗ್ ಮತ್ತು ತರುಣ ಡೆಕ್ಸ್‌ಟರ್ ಗೋರ್ಡನ್ ಇಬ್ಬರೂ ಕಾನ್ ಟೆನರ್ ಹಿಡಿದವರು. ಒಬ್ಬರದು ಗಾಳಿಯಂತೆ ಹಗುರ, ಇನ್ನೊಬ್ಬರದು ಭಾರದ ದೊಡ್ಡ ದನಿ.

ನಮ್ಮ ಸಂಗೀತಕ್ಕೆ ಟೆನರ್ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಆ ಬರಹ ಮುಟ್ಟಿಯೇ ಇಲ್ಲ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ಅದಕ್ಕಿಂತ ಚಿಕ್ಕದಾದ ಆಲ್ಟೊ ಸ್ಯಾಕ್ಸೋಫೋನನ್ನು. ಅವರ ಹಾದಿಯಲ್ಲಿ ತುಳುನಾಡಿಡೀ ಆಲ್ಟೊವೇ ನಡೆಯುತ್ತದೆ. ಟೆನರ್ ಅದಕ್ಕಿಂತ ಐದು ಅರ್ಧಸ್ವರ ಕೆಳಗೆ. ಹಾರ್ಮೋನಿಯಂ ಲೆಕ್ಕದಲ್ಲಿ ಆಲ್ಟೊದ ಸಿ ಬೆರಳಿಗೆ ಕಪ್ಪು 2 ನುಡಿದರೆ, ಟೆನರ್‌ನ ಸಿ ಬೆರಳಿಗೆ ಕಪ್ಪು 5. ಎಡಗೈಯ ನಡುಬೆರಳೊಂದನ್ನೇ ಒತ್ತಿ ಬರುವ ಸಿ ಸ್ವರವನ್ನು ಮಧ್ಯ ಷಡ್ಜ ಮಾಡಿಕೊಂಡರೆ ಕೆಳಗೆ ಪೂರ್ತಿ ಮಂದ್ರ, ಮೇಲೆ ತಾರದ ಶುದ್ಧ ಮಧ್ಯಮದವರೆಗೆ ಸಿಗುತ್ತದೆ. ಹಳೆ ಅಮೆರಿಕನ್ ಟೆನರುಗಳಲ್ಲಿ ಮೇಲಿನ ಎಫ್ ಶಾರ್ಪ್ ಕೀ ಇರುವುದಿಲ್ಲವಾದ್ದರಿಂದ ಕಲ್ಯಾಣಿಯ ತಾರ ಪ್ರತಿ ಮಧ್ಯಮ ಬೆರಳಿಗೆ ಸಿಗದು. ಹೆಚ್ಚಿನ ಕೃತಿಗಳಿಗೆ ಇದರಿಂದ ತೊಂದರೆಯಿಲ್ಲ.

ಗಮಕಕ್ಕೆ ಕಾನ್ ಒಳ್ಳೆಯದು. ಸ್ವರ ಒಂದೇ ಕಡೆ ಬಿಗಿದು ಕೂರುವುದಿಲ್ಲ, ತುಟಿ ಸಡಿಲಿಸಿದರೆ ಬಾಗುತ್ತದೆ. ತೋಡಿಯ ಗಾಂಧಾರಕ್ಕೆ ಬೇಕಾದದ್ದು ಅದೇ. ಬಾಗುವ ವಾದ್ಯ ಕಿವಿ ಸೋತವನ ಕೈಯಲ್ಲಿ ಅಪಸ್ವರವನ್ನೂ ಅಷ್ಟೇ ಧಾರಾಳವಾಗಿ ಕೊಡುತ್ತದೆ ಎಂಬುದು ಬೇರೆ ಮಾತು. ಮೆರವಣಿಗೆಗೆ ಮಾತ್ರ ಟೆನರ್ ಬೇಡ. ಸುಮಾರು ಮೂರೂವರೆ ಕಿಲೋ ಕೊರಳಲ್ಲಿ ತೂಗುತ್ತದೆ, ಡೋಲು-ಚೆಂಡೆಗಳ ನಡುವೆ ಅದರ ಮಂದ್ರ ಕೇಳಿಸುವುದೂ ಇಲ್ಲ. ಅದರ ಜಾಗ ಕುಳಿತು ಮಾಡುವ ಕಛೇರಿ. ಅಲ್ಲಿಯೂ ಮೈಕನ್ನು ಗಂಟೆಯ ಬಾಯಿಗೆ ಇಡಬೇಡಿ. ಬಹುಪಾಲು ಸ್ವರಗಳು ತೆರೆದ ರಂಧ್ರಗಳಿಂದಲೇ ಹೊರಬರುತ್ತವೆ. ಒಂದಡಿ ದೂರದಲ್ಲಿ, ಬಲಗೈ ಕೀಗಳಿಗೆ ಎದುರಾಗಿ ಇಟ್ಟರೆ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆ.

ಹಳೆ ಟೆನರ್ ಕೊಂಡು ನಿರಾಶರಾದವರಲ್ಲಿ ಹೆಚ್ಚಿನವರು ತಪ್ಪು ಹೊರಿಸಬೇಕಾದದ್ದು ಮೌತ್‌ಪೀಸಿನ ಮೇಲೆ. ಶಂಕುವಿನ ಚೂಪು ತುದಿಯನ್ನು ಕತ್ತರಿಸಿದ ಜಾಗದಲ್ಲಿ ಮೌತ್‌ಪೀಸ್ ಕೂರುತ್ತದೆ. ಕತ್ತರಿಸಿ ಹೋದ ತುದಿಯೊಳಗೆ ಎಷ್ಟು ಜಾಗವಿತ್ತೋ ಸರಿಸುಮಾರು ಅಷ್ಟೇ ಜಾಗವನ್ನು ಮೌತ್‌ಪೀಸ್ ತುಂಬಿಕೊಡಬೇಕು. 1930-40ರ ವಾದ್ಯಗಳನ್ನು ರೂಪಿಸಿದ್ದು ಒಳಗೋಣೆ ದೊಡ್ಡದಿರುವ ಮೌತ್‌ಪೀಸಿಗಾಗಿ. ಇಂದು ಗಟ್ಟಿ ಧ್ವನಿಗೆಂದು ಮಾರುವ, ಒಳಗೋಣೆ ಕಿರಿದಾಗಿ ಒಳಮೇಲ್ಛಾವಣಿ ರೀಡಿನತ್ತ (ಊದಿದಾಗ ಕಂಪಿಸುವ ತೆಳು ಪಟ್ಟಿಯತ್ತ) ಇಳಿದಿರುವ ಲೋಹದ ಮೌತ್‌ಪೀಸ್ ಹಾಕಿದರೆ ಶ್ರುತಿಗಾಗಿ ಅದನ್ನು ಕಾರ್ಕಿನ ತುದಿಯವರೆಗೆ ಎಳೆಯಬೇಕಾಗುತ್ತದೆ. ಹಾಗೆ ಎಳೆದರೂ ಅಂಗೈಯಿಂದ ಒತ್ತುವ ಕೀಗಳ ಮೇಲಿನ ಸ್ವರಗಳು ಏರಿಯೇ ಇರುತ್ತವೆ, ಕೆಳಗಿನ ಬಿ, ಬಿ ಫ್ಲ್ಯಾಟ್‌ಗಳು ಗುಳುಗುಳು ಎಂದು ಒಡೆಯುತ್ತವೆ. ಈ ಗುಳುಗುಳು ನಿಲ್ಲಿಸಲು ಕೆಲವರು ಗಂಟೆಯೊಳಗೆ ಒಂದು ಬೆಂಡನ್ನು ಹಾಕಿ ಬುಡದ ಬಾಗಿಗೆ ಇಳಿಬಿಡುತ್ತಾರೆ. ತಾತ್ಕಾಲಿಕವಾಗಿ ನಿಲ್ಲುತ್ತದೆ ನಿಜ. ಮೂಲ ದೋಷ ಮೌತ್‌ಪೀಸಿನದ್ದೋ ಕೆಳಗಿನ ಪ್ಯಾಡಿನ ಸೋರಿಕೆಯದ್ದೋ ಆಗಿರುತ್ತದೆ. ಓಟೊ ಲಿಂಕ್ ಮಾದರಿಯ ದೊಡ್ಡ ಒಳಗೋಣೆಯ ಮೌತ್‌ಪೀಸಿನಿಂದ ಶುರುಮಾಡಿ. ಲಿಂಕಿನ 7 ಸ್ಟಾರ್‌ನ ಅಳತೆಯಲ್ಲಿ ತುದಿ ತೆರವು (ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು) ಸುಮಾರು 0.105 ಇಂಚು, ಆಲ್ಟೊದಿಂದ ಬರುವವರಿಗೆ ಅದು ಹೆಚ್ಚಾಗುತ್ತದೆ, 5 ಸ್ಟಾರ್ ಅಥವಾ 6 ಸಾಕು, ರೀಡ್ ಎರಡೂವರೆ ನಂಬರಿನ ಗಟ್ಟಿತನದ್ದು. ತೆರವು ಹೆಚ್ಚಿದಂತೆ ರೀಡ್ ಮೆತ್ತಗಿನದು ಬೇಕು. ದೊಡ್ಡ ತೆರವಿಗೆ ಗಟ್ಟಿ ರೀಡ್ ಹಾಕಿ ಕೆನ್ನೆ ನೋಯಿಸಿಕೊಳ್ಳುವುದರಲ್ಲಿ ಶೌರ್ಯವೇನೂ ಇಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹೆಬ್ಬೆರಳ ಕೊಕ್ಕೆಯ ಹತ್ತಿರ, ಸೀರಿಯಲ್ ನಂಬರಿನ ಮೇಲೆ ಕೆಳಗೆ ಒತ್ತಿದ ಅಕ್ಷರಗಳು. 1920ರ ದಶಕದ ವಾದ್ಯಗಳಲ್ಲಿ ಎರಡು ಶ್ರುತಿಯವು ಇವೆ. ಎಲ್ ಅಥವಾ ಎಲ್‌ಪಿ ಎಂದಿದ್ದರೆ ಈಗಿನ ಶ್ರುತಿಯ, ಅಂದರೆ ಎ ಸ್ವರ 440 ಹರ್ಟ್ಸ್ ಆಗಿರುವ ಲೆಕ್ಕದ್ದು. ಎಚ್ ಅಥವಾ ಎಚ್‌ಪಿ ಎಂದಿದ್ದರೆ 457ರ ಆಸುಪಾಸಿನ ಏರುಶ್ರುತಿಯದ್ದು, ಅಂದರೆ ಅರ್ಧ ಸ್ವರದ ಮೂರನೇ ಎರಡು ಪಾಲಿನಷ್ಟು ಮೇಲೆ. ಮೌತ್‌ಪೀಸ್ ಎಳೆದು ಇದನ್ನು ಇಳಿಸಲಾಗದು. ನೆಕ್‌ಗೆ ಹತ್ತಿರದ ಸ್ವರಗಳು ಹೆಚ್ಚು ಇಳಿಯುತ್ತವೆ, ದೂರದವು ಕಡಿಮೆ, ಸ್ಥಾಯಿಗಳ ನಡುವಿನ ಹೊಂದಾಣಿಕೆಯೇ ಹೋಗುತ್ತದೆ. ಪಾಶ್ಚಾತ್ಯ ಬ್ಯಾಂಡಿಗೆ ಇದು ನಿರುಪಯೋಗಿ. ಆದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ವಾದ್ಯಕ್ಕೆ ತಕ್ಕಂತೆ ತಿರುಗಿಸಿಕೊಂಡು ಒಬ್ಬರೇ ಕಛೇರಿ ಮಾಡುವವರಿಗೆ ಏರುಶ್ರುತಿಯ ವಾದ್ಯವೂ ನಡೆಯುತ್ತದೆ, ಬೆಲೆಯೂ ಕಡಿಮೆ. ಜೋಡಿ ಸ್ಯಾಕ್ಸೋಫೋನ್, ಹಾರ್ಮೋನಿಯಂ, ಕೀಬೋರ್ಡ್ ಜತೆಗಿದ್ದರೆ ಮಾತ್ರ ಬೇಡ.

ಎರಡನೆಯದು ಸಿ ಮೆಲಡಿ. ಅದೇ ಕಾಲದಲ್ಲಿ ಮನೆಮಂದಿ ಪಿಯಾನೊ ಜತೆ ನುಡಿಸಲೆಂದು ಲೆಕ್ಕವಿಲ್ಲದಷ್ಟು ತಯಾರಾದ ವಾದ್ಯ. ಟೆನರ್‌ಗಿಂತ ತುಸು ಚಿಕ್ಕದು, ಫೋಟೋದಲ್ಲಿ ಟೆನರ್‌ನಂತೆಯೇ ಕಾಣುತ್ತದೆ, ಟೆನರ್ ಎಂದೇ ಮಾರಾಟಕ್ಕೂ ಬರುತ್ತದೆ. ಸೀರಿಯಲ್ ಹತ್ತಿರ ಸಿ ಅಕ್ಷರವಿರುತ್ತದೆ. ಕಾನ್ ಟೆನರ್‌ನಲ್ಲಾದರೆ ಟಿ. ಕೈಗೆ ಸಿಕ್ಕಿದರೆ ಪರೀಕ್ಷೆ ಸುಲಭ: ನಡುಬೆರಳಿನ ಸಿ ಊದಿ ಹಾರ್ಮೋನಿಯಂ ಒತ್ತಿ. ಕಪ್ಪು 5 ಬಂದರೆ ಟೆನರ್, ಬಿಳಿ 1 ಬಂದರೆ ಸಿ ಮೆಲಡಿ, ಕಪ್ಪು 5ಕ್ಕೂ ಬಿಳಿ 7ಕ್ಕೂ ನಡುವೆ ಸಿಕ್ಕಿಕೊಂಡರೆ ಏರುಶ್ರುತಿಯ ಟೆನರ್. ಮೂರನೆಯದು, ಕಾನ್ ಎಂಬ ಹೆಸರೊಂದೇ ಸಾಲದು. 16ಎಂ ಎಂಬುದು ಶಾಲಾ ಮಕ್ಕಳಿಗೆ ಮಾಡಿದ ವಾದ್ಯ, 10ಎಂ ಬೆಲೆಗೆ ಅದನ್ನು ಕೊಳ್ಳಬೇಡಿ. ಸೆಲ್ಮರ್ ಮಾರ್ಕ್ ಸಿಕ್ಸ್ ಅನ್ನು ಅಮೆರಿಕನ್ ಎನ್ನುವವರೂ ಇದ್ದಾರೆ. ಅದರ ಬಿಡಿಭಾಗಗಳು ಫ್ರಾನ್ಸಿನವು, ಅಮೆರಿಕದ ಮಾರುಕಟ್ಟೆಗೆ ಹೋದವನ್ನು ಎಲ್ಕ್‌ಹಾರ್ಟಿನಲ್ಲಿ ಜೋಡಿಸುತ್ತಿದ್ದರು.

ಇನ್ನು ಹೊಳಪಿನ ವಿಚಾರ. ಹಳೆ ವಾದ್ಯ ಬಂದ ಕೂಡಲೇ ಲ್ಯಾಕರ್ (ಹಿತ್ತಾಳೆಯ ಮೇಲಿನ ಲೇಪ) ಕಿತ್ತು, ಉಜ್ಜಿ ಹೊಳಪು ಕೊಡುವ ಬಫ್ ಚಕ್ರಕ್ಕೆ ಕೊಟ್ಟು, ಹೊಸ ಲ್ಯಾಕರ್ ಹೊಡೆಸುವುದು ಇಲ್ಲಿ ವಾಡಿಕೆಯಾಗಿದೆ. ಬಫ್ ಚಕ್ರ ಲೋಹವನ್ನೇ ತಿನ್ನುತ್ತದೆ. ಕೆತ್ತನೆ ಮಸುಕಾಗುವುದು ಕಣ್ಣಿಗೆ ಕಾಣುವ ಹಾನಿ. ಕಾಣದ ಹಾನಿ ರಂಧ್ರದ ಅಂಚಿನದು. ಕಾನ್ ಟೆನರ್‌ಗಳಲ್ಲಿ 1947ರ ಸುಮಾರಿನವರೆಗೆ ರಂಧ್ರದ ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುತ್ತಾರೆ. ಪ್ಯಾಡು ಕೂರುವುದು ಆ ದುಂಡಂಚಿನ ಮೇಲೆ. ಸವೆದರೆ ಅಥವಾ ಸಮತಟ್ಟು ಮಾಡಲೆಂದು ಅರ ಹಾಕಿದರೆ ಸುರುಳಿ ತೆರೆದುಕೊಂಡು ಬ್ಲೇಡಿನಂತಹ ಅಂಚು ಉಳಿಯುತ್ತದೆ, ಪ್ಯಾಡಿನ ಚರ್ಮವನ್ನು ಕೊಯ್ಯುತ್ತದೆ. ಸರಿಪಡಿಸಲಾಗದ ಗಾಯ ಅದು. ತಗ್ಗಿದ ಜಾಗವನ್ನು ಒಳಗಿನಿಂದ ಮೆಲ್ಲಗೆ ಎತ್ತಿಸಬೇಕೇ ಹೊರತು ಎತ್ತರದ ಜಾಗಕ್ಕೆ ಅರ ತಾಗಿಸಬಾರದು.

ಮಾರ್ಟಿನ್‌ನ ಕಥೆ ಬೇರೆ. ಅದರ ರಂಧ್ರದ ಬಳೆಗಳನ್ನು ಪ್ರತ್ಯೇಕ ಮಾಡಿ ಮೆದು ಬೆಸುಗೆಯಿಂದ ಕೂರಿಸಿರುತ್ತಾರೆ. ಬೆಸುಗೆ ಕೊಳೆತರೆ ಬಳೆಯ ಬುಡದಲ್ಲಿ ಬೂದು-ಬಿಳಿ ಪುಡಿ ಕಾಣುತ್ತದೆ, ಗಾಳಿ ಅಲ್ಲಿಂದ ಸೋರುತ್ತದೆ. ಪ್ಯಾಡುಗಳನ್ನು ಎಷ್ಟು ಬದಲಿಸಿದರೂ ವಾದ್ಯ ನುಡಿಯದು. ದೇವರ ದೀಪ ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ಉಜ್ಜುವುದು ಈ ಬೆಸುಗೆಗೂ ಉಕ್ಕಿನ ಸೂಜಿ ಸ್ಪ್ರಿಂಗುಗಳಿಗೂ ವಿಷ. ಹುಳಿ ಕೀಗಳ ಕೊಳವೆಯೊಳಗೆ ಉಳಿದು ತಿಂಗಳುಗಟ್ಟಲೆ ತಿನ್ನುತ್ತದೆ. ಬ್ಯೂಶರ್‌ನ ಪ್ಯಾಡಿಗೆ ಅಂಟೇ ಇಲ್ಲ; ಪ್ಯಾಡು ಕೂರುವ ಬಟ್ಟಲಿನ ನಡುವೆ ಇರುವ ಮೊಳೆಗೆ ಲೋಹದ ಬಿಲ್ಲೆ ಗುಂಡಿಯಂತೆ ಕಚ್ಚಿಕೊಂಡು ಪ್ಯಾಡನ್ನು ಹಿಡಿಯುತ್ತದೆ. ಈ ಪದ್ಧತಿ ಗೊತ್ತಿಲ್ಲದವರು ಆ ಮೊಳೆಗಳನ್ನು ಕತ್ತರಿಸಿ ಸಾಧಾರಣ ಪ್ಯಾಡು ಅಂಟಿಸಿರುತ್ತಾರೆ. ಕೊಳ್ಳುವ ಮೊದಲು ಒಂದೆರಡು ಕೀ ತೆರೆದು ನೋಡಬೇಕು.

ಉಳಿದ ವಾದ್ಯಗಳಲ್ಲಿ ಪ್ಯಾಡು ಕೂರಿಸುವುದು ಅರಗಿನಿಂದ. ಸೂಪರ್ ಗ್ಲೂ ಹಾಕಿದರೆ ಮುಂದೆ ಬಿಸಿಮಾಡಿ ಪ್ಯಾಡನ್ನು ಸ್ವಲ್ಪ ಹೊರಳಿಸಿ ಸರಿಪಡಿಸುವ ಅವಕಾಶವೇ ಇರುವುದಿಲ್ಲ. ಸೋರಿಕೆ ನೋಡಲು ಕತ್ತಲೆ ಕೋಣೆಯಲ್ಲಿ ತೆಳು ಎಲ್‌ಇಡಿ ಪಟ್ಟಿಯನ್ನು ಕೊಳವೆಯೊಳಗೆ ಇಳಿಸಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀ ಮೆಲ್ಲಗೆ ಮುಚ್ಚುತ್ತ ಹೋಗಿ. ಗಟ್ಟಿಯಾಗಿ ಒತ್ತಿದರೆ ಎಲ್ಲ ಸೋರಿಕೆಯೂ ಮುಚ್ಚಿದಂತೆ ಕಾಣುತ್ತದೆ, ಮೋಸ ಅಲ್ಲಿದೆ. ನಂತರ ಸಿಗರೇಟ್ ಕಾಗದದ ಅರ್ಧ ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಪ್ಯಾಡಿನ ನಾಲ್ಕೂ ಕಡೆ ಸಿಕ್ಕಿಸಿ ಎಳೆದು ನೋಡಿ. ತಿರುಗಣೆಯ ಕಡೆ ಬಿಗಿ, ಎದುರಿಗೆ ಸಡಿಲ ಎಂದಾದರೆ ಪ್ಯಾಡು ದಪ್ಪವಾಯಿತು, ತಿರುಗುಮುರುಗಾದರೆ ತೆಳುವಾಯಿತು. ಎಲ್ಲ ಸರಿಯಿದ್ದೂ ಧ್ವನಿ ಮುಚ್ಚಿಕೊಂಡಂತಿದ್ದರೆ ಕೀಗಳ ಎತ್ತರ ನೋಡಿ. ವೇಗಕ್ಕೆಂದು ಅದನ್ನು ತೀರಾ ಇಳಿಸಿಟ್ಟಿರುತ್ತಾರೆ. ಹಳೆ ಕಾನ್‌ನ ಆ ಹರಡಿದ ನಾದ ಹಾಳಾಗುವುದಕ್ಕೆ ಇದೊಂದೇ ಸಾಕು.

ನೆಕ್ ಅನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಶಂಕುವಿನ ಅತಿ ಕಿರಿದಾದ ಭಾಗ ಅದು, ಅಲ್ಲಿನ ಕೂದಲೆಳೆಯ ವ್ಯತ್ಯಾಸವೂ ಶ್ರುತಿಯಲ್ಲಿ ಕಾಣುತ್ತದೆ. ಕೆಳಮೈಯಲ್ಲಿ ಸುಕ್ಕು, ಅಡ್ಡಸೀಳಿನಲ್ಲಿ ಮೊಟ್ಟೆಯಾಕಾರ ಕಂಡರೆ ಮೌತ್‌ಪೀಸ್ ಒತ್ತಿ ಒತ್ತಿ ಬಗ್ಗಿಸಿದ್ದಾರೆಂದು ಅರ್ಥ. ಒಳಗೆ ಗುಲಾಬಿ ಚುಕ್ಕೆಗಳಿದ್ದರೆ ಹಿತ್ತಾಳೆಯ ಸತುವು ಹೊರಟುಹೋಗಿ ತಾಮ್ರ ಉಳಿಯುತ್ತಿದೆ. ದೇಹಕ್ಕೆ ಸೇರುವ ಬುಡ ಸಡಿಲವಿದ್ದರೆ ಮಂದ್ರ ಸ್ವರಗಳು ನಿಲ್ಲುವುದಿಲ್ಲ. ತಿರುಪು ಬಿಗಿದು ಸರಿಮಾಡಹೋಗದೆ ಬುಡವನ್ನು ಹಿಗ್ಗಿಸಿ ಕೊಡಲು ಹೇಳಿ.

ವರ್ಷಕ್ಕೆ 3500 ಮಿ.ಮೀ. ಸುಮಾರು ಮಳೆ ಸುರಿಯುವ, ಕಡಲ ಉಪ್ಪುಗಾಳಿಯ ಜಿಲ್ಲೆ ನಮ್ಮದು. ಪತ್ತನಾಜೆಗೆ ಪೆಟ್ಟಿಗೆ ಮುಚ್ಚಿ ದೀಪಾವಳಿಗೆ ತೆರೆದರೆ ಒಳಗಿನ ಬೂಷ್ಟು ಪ್ಯಾಡಿನ ಚರ್ಮ ತಿಂದಿರುತ್ತದೆ, ಸ್ಪ್ರಿಂಗುಗಳು ತುಕ್ಕು ಹಿಡಿದು ಮುಟ್ಟಿದರೆ ಮುರಿಯುತ್ತವೆ. ವಾರಕ್ಕೊಮ್ಮೆಯಾದರೂ ಹೊರತೆಗೆದು ನುಡಿಸಿ, ಬಟ್ಟೆ ಎಳೆದು ಒರಸಿ, ಪೆಟ್ಟಿಗೆಯನ್ನು ಒಂದೆರಡು ಗಂಟೆ ತೆರೆದಿಡಿ. ಸ್ಪ್ರಿಂಗಿನ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು, ಪ್ಯಾಡಿಗೆ ತಾಗಬಾರದು. ಸದಾ ಮುಚ್ಚಿರುವ ಜಿ ಶಾರ್ಪ್ ಪ್ಯಾಡು ಅಂಟಿಕೊಳ್ಳುತ್ತಿದ್ದರೆ ಪೌಡರ್ ಹಾಕದೆ ತೆಳು ಕಾಗದ ಇಟ್ಟು ಒತ್ತಿ ತೆಗೆಯಿರಿ. ಮದುವೆಯ ಪಾಯಸ ಉಂಡು ಬಾಯಿ ಮುಕ್ಕಳಿಸದೆ ಊದುವವರಿಗೆ ಈ ತೊಂದರೆ ಹೆಚ್ಚು.

ದೂರದಿಂದ ತರಿಸುವವರು ಮಾರುವವರ ಬಳಿ ಐದು ಫೋಟೋ ಕೇಳಿ: ಸೀರಿಯಲ್ ನಂಬರ್ ಮತ್ತು ಅದರ ಸುತ್ತಲಿನ ಅಕ್ಷರಗಳು, ನೆಕ್ ಪಕ್ಕದಿಂದ, ಗಂಟೆಯ ಕೆತ್ತನೆ ಹತ್ತಿರದಿಂದ, ಒಂದು ಪ್ಯಾಡು ತೆರೆದು ರಂಧ್ರದ ಅಂಚು, ಮತ್ತು ಗಂಟೆಯನ್ನು ದೇಹಕ್ಕೆ ಹಿಡಿದಿರುವ ಸರಳಿನ ಬುಡ. ಆ ಬುಡದಲ್ಲಿ ತಗ್ಗು ಬಿದ್ದಿದ್ದರೆ ವಾದ್ಯ ಕೆಳಗೆ ಬಿದ್ದು ಕೊಳವೆ ಬಾಗಿದೆ. ಕಳುಹಿಸುವ ಮೊದಲು ನೆಕ್ ಬೇರ್ಪಡಿಸಿ, ತೆರೆದು ನಿಲ್ಲುವ ಪ್ರತಿ ಕೀ ಅಡಿಗೂ ಬೆಂಡಿನ ತುಂಡು ಸಿಕ್ಕಿಸಿ ಕಟ್ಟುವಂತೆ ಬರೆದು ತಿಳಿಸಿ.

— ಒಬ್ಬ ವಾದ್ಯ ದುರಸ್ತಿಗಾರ, ಕುಂಬಳೆ, ಕಾಸರಗೋಡು ಜಿಲ್ಲೆ