ಕೈತೋಟದ ತೊಟ್ಟಿಗೆ ನಮ್ಮ ನೆಲದ ಜೇಕು

ಮಾನ್ಯ ಸಂಪಾದಕರೇ,

ನೀರು ಬಸಿದುಹೋಗದ ಮೂಲೆಗೆ ಹೊಂದುವ ಗಿಡ ಬೇಕೆಂದು ನರ್ಸರಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಆಫ್ರಿಕಾ ಮತ್ತು ಮಡಗಾಸ್ಕರ್ ಮೂಲದ ಅಂಬ್ರೆಲಾ ಪಾಮ್. ಅದೇ ಸೈಪರಸ್ ಕುಲಕ್ಕೆ ಸೇರಿದ, ನಮ್ಮಲ್ಲೇ ಕಾಲುವೆ ಹಾಗೂ ಕೆರೆಯಂಚಿನಲ್ಲಿ ತಾನಾಗಿ ಬೆಳೆಯುವ ಚಾಪೆ ಜೇಕನ್ನು ಯಾರೂ ಮಾರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಸಸ್ಯಶಾಸ್ತ್ರದಲ್ಲಿ ಸೈಪರಸ್ ಪ್ಯಾಂಗೊರೈ ಎಂದು ಕರೆಯುವ ಈ ಗಿಡದ ಕಡ್ಡಿಗಳಿಂದಲೇ ತಮಿಳುನಾಡಿನ ಪತ್ತಮಡೈ ಚಾಪೆಗಳನ್ನು ನೇಯುತ್ತಾರೆ.

ಜೇಕು ಎಂದೊಡನೆ ಬೇಸಾಯ ಬಲ್ಲವರು ಹಿಂಜರಿಯುವುದು ಸಹಜ, ಏಕೆಂದರೆ ಅದೇ ಬಳಗದ ಕೊನ್ನಾರಿಯು ನೆಲದಡಿಯಲ್ಲಿ ಗೆಡ್ಡೆಯಿಂದ ಗೆಡ್ಡೆಗೆ ಹಬ್ಬಿ ಹೊಲವನ್ನೇ ಆವರಿಸುತ್ತದೆ. ಚಾಪೆ ಜೇಕಿನ ಬೇರುಕಾಂಡವೂ ಹರಡುವಂಥದ್ದೇ ಆದ್ದರಿಂದ ಅದನ್ನು ನೆಲಕ್ಕೆ ನೇರವಾಗಿ ನೆಡದೆ, ತಳದಲ್ಲಿ ರಂಧ್ರವಿಲ್ಲದ ಅಗಲವಾದ ತೊಟ್ಟಿಯಲ್ಲಿ ಬೆಳೆಸುವುದೇ ಸರಿ. ಜಿಗುಟಾದ ಗೋಡುಮಣ್ಣು ತುಂಬಿ, ಮುಂಗಾರಿನ ಆರಂಭದಲ್ಲಿ ಚಿಗುರಿರುವ ಒಂದು ತುಂಡು ಬೇರುಕಾಂಡವನ್ನು ಅಡ್ಡಲಾಗಿ ಊರಿ, ದಿನದ ಬಹುಪಾಲು ಬಿಸಿಲು ಬೀಳುವ ಕಡೆ ಇಟ್ಟರೆ ಸಾಕು. ಮಣ್ಣು ಸದಾ ಕೆಸರಿನಂತಿರಬೇಕು, ಆದರೆ ಮೇಲೆ ನೀರು ನಿಲ್ಲಬಾರದು; ನಿಂತರೆ ಸೊಳ್ಳೆಯ ಕಾಟ ತಪ್ಪದು. ಎಳೆಯ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ತಾಗುತ್ತವೆ. ಹುಲ್ಲಿನ ಕಡ್ಡಿಯಲ್ಲಿರುವಂತೆ ಗಿಣ್ಣುಗಳಿರುವುದಿಲ್ಲ, ಒಳಗೆ ಟೊಳ್ಳೂ ಇರುವುದಿಲ್ಲ. ಒಣಗಿದ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿದರೆ ಹೊಸ ಕಡ್ಡಿಗಳು ಒತ್ತಾಗಿ ಏಳುತ್ತವೆ.

ಇಷ್ಟು ತೇವ ಬೇಡುವ ಗಿಡ ನಗರಕ್ಕೆ ತಕ್ಕುದೇ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿದ್ದನ್ನು ಮರೆಯುವಂತಿಲ್ಲ. ಆದರೆ ಅಕ್ಕಿ, ಸೊಪ್ಪು, ತರಕಾರಿ ತೊಳೆದ ನೀರೇ ಒಂದು ತೊಟ್ಟಿಗೆ ಧಾರಾಳವಾಗಿ ಸಾಲುತ್ತದೆ.

ಸಸಿ ಸಿಗದೆಂದು ಕೆರೆಯಂಚಿನಿಂದ ಬುಡಸಮೇತ ಕಿತ್ತು ತರುವುದು ಮಾತ್ರ ಖಂಡಿತ ಕೂಡದು. ಅಲ್ಲಿ ಅದು ದಡದ ಮಣ್ಣನ್ನು ಹಿಡಿದಿಟ್ಟಿರುತ್ತದೆ, ನೀರುಹಕ್ಕಿಗಳಿಗೆ ಮರೆಯಾಗಿರುತ್ತದೆ. ಆದ್ದರಿಂದ ತೋಟಗಾರಿಕೆ ಇಲಾಖೆಯು ತನ್ನ ಸಸ್ಯಕ್ಷೇತ್ರಗಳಲ್ಲಿ ಚಾಪೆ ಜೇಕನ್ನು ಬೆಳೆಸಿ, ಹೂವಿನ ಸಸಿಗಳ ಜೊತೆಯಲ್ಲೇ ಕಡಿಮೆ ದರಕ್ಕೆ ಮಾರಾಟಕ್ಕಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಓದುಗ, ಮೈಸೂರು