ಟ್ರೋಪೋನಿನ್ ಏರಿದ್ದೆಲ್ಲ ಹೃದಯಾಘಾತವಲ್ಲ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ 82 ವರ್ಷದ ನನ್ನ ತಾಯಿಯನ್ನು ಜ್ವರ ಮತ್ತು ಮೂತ್ರದ ಸೋಂಕಿನ ಕಾರಣಕ್ಕೆ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಎದೆನೋವಿರಲಿಲ್ಲ, ಇಸಿಜಿಯಲ್ಲಿ ಹೊಸ ಬದಲಾವಣೆಯೂ ಇರಲಿಲ್ಲ. ಆದರೆ ರಕ್ತಪರೀಕ್ಷೆಯ ವರದಿಯಲ್ಲಿ ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ಟಿ ಎಂಬ ಸಾಲಿನ ಮುಂದೆ 41 ಎಂದು ದಪ್ಪಕ್ಷರದಲ್ಲಿಯೂ, ಪಕ್ಕದಲ್ಲಿ ಮಿತಿ 14 ಎಂದೂ ಅಚ್ಚಾಗಿತ್ತು. ರಾತ್ರಿ ಪಾಳಿಯಲ್ಲಿದ್ದವರು ಆ ಹಾಳೆಯನ್ನು ನನ್ನ ಕೈಗಿಟ್ಟು, "ಹಾರ್ಟ್ ಅಟ್ಯಾಕ್ ಆಗಿದೆ, ಬೆಳಿಗ್ಗೆಯೇ ಆಂಜಿಯೋಗ್ರಾಂ ಮಾಡಬೇಕು, ಸಹಿ ಹಾಕಿ" ಎಂದರು. ನನ್ನ ತಮ್ಮ ಬೆಂಗಳೂರಿನಿಂದ ರಾತ್ರೋರಾತ್ರಿ ಹೊರಟು ಬಂದ.

ಬೆಳಿಗ್ಗೆ ಬಂದ ಹಿರಿಯ ವೈದ್ಯರು ಸಹಿಯನ್ನು ತಡೆದು, ಮೂರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ಮಾಡಿಸಿದರು. ಅಂಕಿ 43, ನಂತರ 42. ನಾವು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ತಂದಿದ್ದ ಹಳೆಯ ಕಾಗದಗಳನ್ನು ಒಂದೊಂದಾಗಿ ತಿರುವಿ, ಆರು ತಿಂಗಳ ಹಿಂದೆ ಕಿಡ್ನಿ ತೊಂದರೆಗೆ ತೋರಿಸಿದಾಗಿನ ವರದಿಯನ್ನು ಹುಡುಕಿ ತೆಗೆದರು. ಅದರಲ್ಲಿ 38 ಇತ್ತು. "ಇದು ಇವರ ಮಾಮೂಲಿ ಮಟ್ಟ, ಹೃದಯಾಘಾತವಲ್ಲ" ಎಂದರು.

ಟ್ರೋಪೋನಿನ್ ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೇರುತ್ತದೆ. ಆದರೆ ಆ ಪೆಟ್ಟು ರಕ್ತನಾಳ ಕಟ್ಟಿಕೊಂಡೇ ಆಗಬೇಕೆಂದಿಲ್ಲ. ತೀವ್ರ ಸೋಂಕು, ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಹೃದಯ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ರಕ್ತಹೀನತೆ, ಅತಿವೇಗದ ಹೃದಯಬಡಿತ, ಪಾರ್ಶ್ವವಾಯು, ಇವುಗಳಲ್ಲಿ ಯಾವುದರಿಂದಲೂ ಅದು ಏರಬಹುದು. ಈಗಿನ ಅತಿಸೂಕ್ಷ್ಮ ಪರೀಕ್ಷೆಗಳು ಲೀಟರಿಗೆ ಕೆಲವೇ ನ್ಯಾನೊಗ್ರಾಂಗಳಷ್ಟಿದ್ದರೂ ಹಿಡಿಯುತ್ತವೆ. ವರದಿಯಲ್ಲಿ ಅಚ್ಚಾಗುವ ಮಿತಿಯಾದರೋ, ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ನೂರರಲ್ಲಿ 99 ಮಂದಿ ಯಾವ ಮಟ್ಟದೊಳಗೆ ಬರುತ್ತಾರೆಂದು ನೋಡಿ ಗೊತ್ತುಮಾಡಿದ್ದು. ಹಲವು ಕಾಯಿಲೆಗಳನ್ನು ಹೊತ್ತು ವಾರ್ಡಿನಲ್ಲಿ ಮಲಗಿರುವ ವೃದ್ಧರಿಗೆ ಅದನ್ನೇ ಅಳತೆಗೋಲಾಗಿ ಹಿಡಿದರೆ ಗಾಬರಿಯೇ ಫಲ. ಇಂಗ್ಲೆಂಡಿನ ಸೌತಾಂಪ್ಟನ್‌ನ ಆಸ್ಪತ್ರೆಯಲ್ಲಿ ಯಾವುದೇ ಕಾರಣಕ್ಕೆ ರಕ್ತ ಕೊಟ್ಟಿದ್ದ 20,000 ರೋಗಿಗಳಲ್ಲಿ ಟ್ರೋಪೋನಿನ್ ಐ (ಈ ಪ್ರೋಟೀನಿನ ಇನ್ನೊಂದು ಬಗೆ) ಅಳೆದು ನೋಡಿದಾಗ, ಇಪ್ಪತ್ತರಲ್ಲಿ ಒಬ್ಬರದು ಮಿತಿ ಮೀರಿತ್ತು. ಅವರಲ್ಲಿ ಹೆಚ್ಚಿನವರಿಗೆ ಹೃದಯಾಘಾತದ ಶಂಕೆಯೇ ಇರಲಿಲ್ಲ. ಇದು 2019ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 2018ರಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ಸಂಘಟನೆಗಳು ಒಟ್ಟಾಗಿ ಪರಿಷ್ಕರಿಸಿದ ವ್ಯಾಖ್ಯೆಯು ಹೃದಯ ಸ್ನಾಯುವಿನ ಹಾನಿಯನ್ನೂ ಹೃದಯಾಘಾತವನ್ನೂ ಬೇರ್ಪಡಿಸಿದೆ. ಹೃದಯಾಘಾತವೆನ್ನಬೇಕಾದರೆ ಅಂಕಿ ಮಿತಿ ದಾಟಿದ್ದರಷ್ಟೇ ಸಾಲದು, ಅದು ಏರಬೇಕು ಅಥವಾ ಇಳಿಯಬೇಕು. ಜೊತೆಗೆ ಎದೆನೋವಿನಂಥ ಲಕ್ಷಣವಾಗಲಿ, ಇಸಿಜಿ ಅಥವಾ ಸ್ಕ್ಯಾನಿಂಗಿನಲ್ಲಿ ಹೃದಯಕ್ಕೆ ರಕ್ತ ಸಾಲದ ಸುಳಿವಾಗಲಿ ಇರಬೇಕು.

ಹಾಗೆಂದು ಏರಿದ ಅಂಕಿಯನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ಅಂಥವರಿಗೆ ಮುಂದಿನ ದಿನಗಳಲ್ಲಿ ಅಪಾಯ ಹೆಚ್ಚೆಂಬುದೂ ಸಾಬೀತಾಗಿದೆ, ಆದ್ದರಿಂದ ಕಾರಣವನ್ನು ಹುಡುಕಲೇಬೇಕು. ಎದೆನೋವು, ಉಸಿರುಗಟ್ಟುವಿಕೆ, ತಣ್ಣನೆಯ ಬೆವರು ಕಂಡವರಂತೂ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ನನ್ನ ಆತಂಕ ಬೇರೆ. ಕಿಡ್ನಿ ಸೊರಗಿದ ವೃದ್ಧೆಗೆ ಆಂಜಿಯೋಗ್ರಾಂನಲ್ಲಿ ರಕ್ತನಾಳಗಳು ಕಾಣಲೆಂದು ಚುಚ್ಚುವ ದ್ರವ ಇನ್ನಷ್ಟು ಹಾನಿ ಮಾಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ರಕ್ತಸ್ರಾವಕ್ಕೆ ದಾರಿಯಾಗಬಹುದು. ಈ ನಡುವೆ ನಿಜವಾದ ಕಾಯಿಲೆಯಾದ ಸೋಂಕಿನ ಚಿಕಿತ್ಸೆ ಹಿಂದೆ ಬೀಳಬಹುದು. ಹಠಾತ್ ಹೃದಯಾಘಾತದ ಸುದ್ದಿಗಳಿಂದ ಮೊದಲೇ ಬೆದರಿರುವ ಕುಟುಂಬವೊಂದು ನಡುರಾತ್ರಿ ಸಹಿ ಹಾಕುವ ಮುನ್ನ ಪ್ರಶ್ನೆ ಕೇಳೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ಪ್ರಯೋಗಾಲಯಗಳು ಈ ಅಂಕಿಯ ಕೆಳಗೆ, ಇದೊಂದರಿಂದಲೇ ಹೃದಯಾಘಾತವನ್ನು ನಿರ್ಧರಿಸಲಾಗದೆಂಬ ಸಾಲನ್ನು ಕನ್ನಡದಲ್ಲಿಯೂ ಅಚ್ಚುಹಾಕಬೇಕೆಂದು ಕೋರುತ್ತೇನೆ. ಅಲ್ಲದೆ, ವಯಸ್ಸಾದ ರೋಗಿಯನ್ನು ಮನೆಗೆ ಕಳಿಸುವಾಗ ಬಿಡುಗಡೆ ಪತ್ರದಲ್ಲಿ ಅವರ ಮಾಮೂಲಿ ಟ್ರೋಪೋನಿನ್ ಮಟ್ಟವನ್ನೂ ಪರೀಕ್ಷೆ ಟಿ ಬಗೆಯದೋ ಐ ಬಗೆಯದೋ ಎಂಬುದನ್ನೂ ನಮೂದಿಸಬೇಕು, ಏಕೆಂದರೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸುವಂತಿಲ್ಲ. ನನ್ನ ತಾಯಿಯ ಪತ್ರದಲ್ಲಿ ಆ ಹಿರಿಯ ವೈದ್ಯರು ಅದನ್ನು ಕೈಯಾರೆ ಬರೆದುಕೊಟ್ಟಿದ್ದಾರೆ. ಅದರ ಜೆರಾಕ್ಸ್ ಪ್ರತಿಯನ್ನು ಅಮ್ಮನ ಮಾತ್ರೆ ಡಬ್ಬಿಯಲ್ಲೇ ಮಡಿಸಿಟ್ಟಿದ್ದೇವೆ.

— ನಿವೃತ್ತ ಶಿಕ್ಷಕ, ಶಿವಮೊಗ್ಗ